ಅಪ್ಪೆಹುಳಿಗೆ ಕಾಲಂ ಇರಲಿಲ್ಲ

ಈಚೆಗೆ ನನಗೆ ಬಾಯಾರಿಕೆ ಎಂದರೆ ಭಯ. ನನ್ನದಲ್ಲ, ನಮ್ಮನೆಯವರದು. ಅವರು “ಒಂದು ಗುಟುಕು ನೀರು ಕೊಡ್ತ್ಯನೇ?” ಎಂದರೆ ಸಾಕು, ನನ್ನ ಕೈ ಚೊಂಬಿಗಿಂತ ಮೊದಲು ಕನ್ನಡಕಕ್ಕೆ ಹೋಗುತ್ತದೆ. ಕೊಡುವ ಮೊದಲು ನೋಟ್‌ಬುಕ್ ನೋಡಬೇಕಲ್ಲ!

ಯಲ್ಲಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಇವರಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಹೋದ ವರ್ಷ ಹೃದಯವೂ ಸೋತಿದೆ ಎಂದು ಗೊತ್ತಾಯಿತು. ಎಕೋ ಮಾಡಿದ ಡಾಕ್ಟರು, ಹೃದಯ ರಕ್ತ ನೂಕುವ ಬಲ ಮೂವತ್ತೈದು ಎಂದರು. ಐವತ್ತೈದಾದರೂ ಇರಬೇಕಿತ್ತಂತೆ. ಇವರು ಮಾತ್ರ ಹೊರಗೆ ಬಂದವರೇ, “ಹೆದರಡ ಮಾರಾಯ್ತಿ, ಮೂವತ್ತೈದು ಅಂದ್ರೆ ಪಾಸು” ಎಂದರು.

ಪಾಸೋ ನಪಾಸೋ, ಅಂದಿನಿಂದ ನನಗೆ ಗೊಂದಲ ಮಾತ್ರ ಖಾಯಂ. ಕಾಯಿಲೆ ಒಂದಾದರೆ ಹೇಗೋ ಅದರ ಸ್ವಭಾವ ತಿಳಿದುಕೊಳ್ಳಬಹುದು. ಎರಡು ಒಂದೇ ಮೈಯಲ್ಲಿ ಬಿಡಾರ ಹೂಡಿದರೆ, ಒಂದೇ ಒಲೆಯ ಮುಂದೆ ಇಬ್ಬರು ಓರಗಿತ್ತಿಯರು ನಿಂತ ಹಾಗೆ. ಸಕ್ಕರೆ ಏರಿದರೆ ಬಾಯಿ ಒಣಗುತ್ತದೆ, ನೀರು ಬೇಕು. ಹೃದಯವೋ, ದಿನಕ್ಕೆ ಒಂದೂವರೆ ಲೀಟರ್ ದಾಟಿದರೆ ನೋಡು ಎಂದು ಗದರುತ್ತದೆ. ಇವರು ಬೆವರಿ ಕೂತರೆ, ಸಕ್ಕರೆ ಇಳಿಯಿತೆಂದು ಬೆಲ್ಲ ಕೊಡಲೋ, ಹೃದಯದ ತಕರಾರೆಂದು ಆಟೋ ಕರೆಯಲೋ? ಮಾತ್ರೆಗಳಿಗಾದರೂ ಒಂದು ನಿಯತ್ತು ಬೇಡವೇ? ಎಕ್ಕಂಬಿಯ ನಮ್ಮ ಪರಿಚಯದವರೊಬ್ಬರಿಗೆ ಸಕ್ಕರೆ ಕಾಯಿಲೆಯ ಸುಳಿವೇ ಇಲ್ಲ, ಬರೀ ಹೃದಯದ್ದು. ಅವರಿಗೂ ಇವರದೇ ಸಕ್ಕರೆ ಮಾತ್ರೆ! ತಪ್ಪಿ ಕೊಟ್ಟಿದ್ದಾರೆಂದು ಜಗಳಕ್ಕೆ ಹೋದ ಅವರನ್ನು, ‘ಇದು ಹೃದಯಕ್ಕೂ ಆಗುತ್ತದೆ’ ಎಂದು ಡಾಕ್ಟರೇ ಸಮಾಧಾನ ಮಾಡಿ ಕಳಿಸಿದರಂತೆ.

ತಿಳಿಯದ್ದನ್ನು ಬರೆದಾದರೂ ಇಡೋಣ ಎಂದು ನೋಟ್‌ಬುಕ್ ಶುರುಮಾಡಿದೆ. ಬೆಳಗಿನ ಸಕ್ಕರೆಗೊಂದು ಕಾಲಂ, ತೂಕಕ್ಕೊಂದು, ನೀರು‑ಚಹಾ‑ಮಜ್ಜಿಗೆಗೊಂದು, ಮಾತ್ರೆಗೊಂದು. ಮೂರ್ನಾಲ್ಕು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನಿಂತ ನೀರು, ಕೂಡಲೇ ಬನ್ನಿ ಎಂದು ಡಾಕ್ಟರು ಹೇಳಿದ್ದರು. ಸಕ್ಕರೆ ಹಳತಾದವರಿಗೆ ಹೃದಯ ಸೋತರೂ ನೋವು ಗಟ್ಟಿಯಾಗಿ ಕೂಗುವುದಿಲ್ಲವಂತೆ. ಕೂಗುವುದೇನಿದ್ದರೂ ಮೈ ತೂಗುವ ತಕ್ಕಡಿ.

ಇಂಥದ್ದರಲ್ಲಿ ದೊಡ್ಮನೆಯಿಂದ ಇವರ ಅಕ್ಕ ಬಂದರು, ಉಪ್ಪಿನಲ್ಲಿ ಹಾಕಿಟ್ಟ ಮಾವಿನ ಭರಣಿಯೊಂದಿಗೆ. “ಸಕ್ಕರೆ ಇಲ್ಲೆ, ಬೆಲ್ಲ ಇಲ್ಲೆ. ತಮ್ಮಂಗೆ ದಿನಾ ಅಪ್ಪೆಹುಳಿ ಮಾಡಿ ಹಾಕು. ಪಾಪ, ಅವಂಗೆ ಬಾಯಿಗೆ ರುಚಿ ಹೇಳಿ ಎಂತ ಇದ್ದು?” ಎಂದರು. ನನಗೂ ಹೌದೆನ್ನಿಸಿತು. ಪಾಯಸ ಬಿಟ್ಟ, ಹಲಸಿನಹಣ್ಣು ಬಿಟ್ಟ ಗಂಡಸು. ಇಂಗು ಸಾಸಿವೆಯ ಒಗ್ಗರಣೆ ಬಿದ್ದ ಆ ತೆಳ್ಳನೆಯ ಮಾವಿನ ಹುಳಿಯನ್ನು ನಮ್ಮಲ್ಲಿ ಅನ್ನಕ್ಕೆ ಕಲಸುವುದು ನೆಪಕ್ಕೆ. ಊಟದ ಕೊನೆಗೆ ಬೊಗಸೆಯೊಡ್ಡಿ ಸೊರ್ರೆಂದು ಸುರಿಯುವುದೇ ರೂಢಿ. ಇವರು ಒಡ್ಡಿದರು, ನಾನು ಹೊಯ್ದೆ.

ನಾಲ್ಕು ದಿನ ಸಕ್ಕರೆ ಎಷ್ಟು ಚೆನ್ನಾಗಿತ್ತೆಂದರೆ ಅಂಕಿಗಳನ್ನು ನಾನು ಹಬ್ಬದ ತಾರೀಖಿನಂತೆ ಕೆಂಪು ಶಾಯಿಯಲ್ಲಿ ಬರೆದೆ. ತೂಕ ಮಾತ್ರ ಸೋಮವಾರದ ಅರವತ್ತನಾಲ್ಕರಿಂದ ಗುರುವಾರ ಅರವತ್ತಾರೂಕಾಲಿಗೆ ಹತ್ತಿತ್ತು. ತಕ್ಕಡಿಯೇ ಕೆಟ್ಟಿರಬೇಕೆಂದು ಐದು ಕಿಲೋ ಅಕ್ಕಿ ಚೀಲ ಇಟ್ಟೆ. ಕರಾರುವಾಕ್ಕಾಗಿ ಐದು ತೋರಿಸಿತು. ಅಷ್ಟರಲ್ಲಿ ಶಾಲೆಯಿಂದ ಬಂದ ಇವರು ನಮ್ಮ ಮೂರೇ ಮೆಟ್ಟಿಲಿನ ನಡುವೆ ನಿಂತುಬಿಟ್ಟರು, ಏದುಸಿರು. ಚಪ್ಪಲಿ ಕಳಚಿದರೆ ಪಾದದ ಮೇಲೆ ಪಟ್ಟಿಯ ಅಚ್ಚು ಹಾಗೇ ಉಳಿದಿತ್ತು.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಶಿರಸಿಗೆ ಓಡಿದೆವು. ಡಾಕ್ಟರ ಬಳಿಯಿದ್ದ ನರ್ಸಮ್ಮ ಬನವಾಸಿ ಕಡೆಯವರು. ನೋಟ್‌ಬುಕ್ ತಿರುವಿ ಹಾಕಿ, “ಅಕ್ಕಾರ, ಭಾಳ ಚಂದ ಬರದೀರಿ. ಸಕ್ಕರಿ ಬರೋಬರಿ ಐತಿ, ನೀರೂ ಬರೋಬರಿ ಐತಿ. ಮತ್ತ ಕಾಲು ಯಾಕ ಬಾತಾವು? ಊಟಕ್ಕ ಹೊಸದೇನರ ಮಾಡೀರೇನು?” ಎಂದರು.

“ಏನೂ ಇಲ್ಲ” ಎಂದೆ ನಾನು, ಪ್ರಾಮಾಣಿಕವಾಗಿ.

“ಅಪ್ಪೆಹುಳಿ” ಎಂದರು ಇವರು. “ಮಧ್ಯಾಹ್ನ ನಾಲ್ಕು ಬೊಗಸೆ, ರಾತ್ರಿ ಮೂರು.”

“ಅದು ಅನ್ನಕ್ಕಲ್ಲವಾ, ನೀರಿನ ಲೆಕ್ಕಕ್ಕೆ ಯಾಕೆ?” ಎಂದೆ, ನನಗೇ ಕೇಳಿಸದಷ್ಟು ಮೆಲ್ಲಗೆ.

“ಅಯ್ಯ ಶಿವನ!” ನರ್ಸಮ್ಮ ಹಣೆ ಬಡಿದುಕೊಂಡರು. “ಸಕ್ಕರಿ ಬರ್ತಾಳಂತ ಮುಂಬಾಗಲಾ ಮುಚ್ಚಿ, ಉಪ್ಪಿಗೆ ಹಿತ್ತಲ ಬಾಗಲಾ ತಗದಿಟ್ಟೀರಲ್ರಿ!”

ಉಪ್ಪು ನೀರನ್ನು ಹಿಡಿದಿಡುತ್ತದೆ, ಸಕ್ಕರೆಯಿಂದ ದಣಿದ ಕಿಡ್ನಿಗೆ ಅದನ್ನು ಹೊರಹಾಕುವ ತ್ರಾಣವಿಲ್ಲ, ಭಾರವೆಲ್ಲ ಹೃದಯದ ಮೇಲೆ ಎಂದು ಡಾಕ್ಟರು ವಿವರಿಸಿದರು. ಇನ್ನೆರಡು ದಿನ ತಡೆದಿದ್ದರೆ ಹುಬ್ಬಳ್ಳಿಗೆ ಒಯ್ದು ಸೇರಿಸಬೇಕಿತ್ತಂತೆ. ನೀರಿಳಿಸುವ ಮಾತ್ರೆಯನ್ನು ಕೆಲದಿನ ಹೆಚ್ಚಿಸಿ ಮನೆಗೆ ಕಳಿಸಿದರು.

ಹಿಂದಿರುಗುವ ಬಸ್ಸಿನಲ್ಲಿ ಆ ನಾಲ್ಕು ದಿನದ ಪುಟಗಳನ್ನು ಮತ್ತೆ ಮತ್ತೆ ತಿರುವಿದೆ. ಲೋಟಕ್ಕೆ ಬಿದ್ದಿದ್ದನ್ನೆಲ್ಲ ಅಳೆದವಳು ಬೊಗಸೆಗೆ ಬಿದ್ದಿದ್ದನ್ನು ಅಳೆದಿರಲಿಲ್ಲ. ಅದೂ ನನ್ನ ಕೈಯಿಂದಲೇ ಹೊಯ್ದದ್ದು. ಇವರು ಕಿಟಕಿ ಕಡೆ ನೋಡುತ್ತ, “ಉತ್ತರ ತಪ್ಪಿದ್ದು. ಆದ್ರೆ ಸ್ಟೆಪ್ಪು ಎಲ್ಲ ಸರಿ ಇದ್ದು. ಅರ್ಧ ಮಾರ್ಕು ಕೊಡ್ತೆ” ಎಂದರು. ನನಗೆ ನಗು ಬರಬೇಕಿತ್ತು, ಕಣ್ಣಲ್ಲಿ ನೀರು ಬಂತು. ಅದನ್ನು ಯಾವ ಕಾಲಮ್ಮಿಗೆ ಬರೆಯುವುದೆಂದು ಹೊಳೆಯಲಿಲ್ಲ.

ಹತ್ತು ದಿನದಲ್ಲಿ ತೂಕ ಮತ್ತೆ ಅರವತ್ತನಾಲ್ಕಕ್ಕೆ ಬಂತು. ಉಪ್ಪಿಗೆ ಐದನೆಯ ಕಾಲಂ ಎಳೆದೆ. ಭರಣಿ ಖಾಲಿ ಮಾಡುವ ಹೊಣೆ ನನ್ನದಾಯಿತು. ಕಳೆದ ಭಾನುವಾರ ನನ್ನೊಬ್ಬಳಿಗೇ ಆಗುವಷ್ಟು ಅಪ್ಪೆಹುಳಿ ಮಾಡಿ, ಬಾಗಿಲು ಓರೆ ಮಾಡಿಕೊಂಡು ಕಳ್ಳಿಯ ಹಾಗೆ ಒಗ್ಗರಣೆ ಹಾಕಿದೆ. ಇಂಗು ಬಾಗಿಲನ್ನು ಲೆಕ್ಕಕ್ಕಿಡುವ ಜಾತಿಯದಲ್ಲ. ಇವರು ಬಂದು ಹೊಸ್ತಿಲಲ್ಲಿ ನಿಂತರು.

“ಪರಿಮಳಕ್ಕೆ ಉಪ್ಪು ಇದ್ದನೇ?”

“ಇಲ್ಲೆ.”

“ಸಕ್ಕರೆ?”

“ಅದೂ ಇಲ್ಲೆ.”

“ಹಂಗಾರೆ ಇನ್ನೊಂದ್ಸಲ ಒಗ್ಗರಣೆ ಹಾಕು.”

ಹಾಕಿದೆ. ಅವರು ಕಣ್ಣುಮುಚ್ಚಿ ಉಸಿರೆಳೆದುಕೊಂಡರು, ನಿಧಾನಕ್ಕೆ, ಉದ್ದಕ್ಕೆ, ಎಲ್ಲೂ ತಡೆಯದೆ. ಅಷ್ಟುದ್ದದ ಉಸಿರನ್ನು ನಾನು ಕಂಡು ಎಷ್ಟೋ ದಿನವಾಗಿತ್ತು. ಆಮೇಲೆ ನೋಟ್‌ಬುಕ್ ತೆಗೆದು, ‘ಇಂಗಿನ ಪರಿಮಳ, ಎರಡು ಸಲ’ ಎಂದು ಬರೆದೆ. ಸಕ್ಕರೆಯ ಕಾಲಮ್ಮಿಗೋ, ನೀರಿನದಕ್ಕೋ, ಉಪ್ಪಿನದಕ್ಕೋ ಇವತ್ತಿಗೂ ತಿಳಿದಿಲ್ಲ. ಗೆರೆಗಳನ್ನೆಲ್ಲ ದಾಟಿಸಿ ಪುಟದ ಅಗಲಕ್ಕೂ ಬರೆದಿದ್ದೇನೆ.