ಹೊಸ್ತಿಲಾಚೆ ನಿಂತ ರಕ್ತಪಿಶಾಚಿ

ಮೊಬೈಲಿನ ಕತೆಗಳ ಆ್ಯಪ್ ಒಂದರಲ್ಲಿ ನಾನು ಬೇರೆ ಹೆಸರಿನಿಂದ ಧಾರಾವಾಹಿ ಬರೆಯುತ್ತಿದ್ದೆ. ಗದಗಿನಲ್ಲಿ ಬಾಡಿಗೆಗಿದ್ದ ರಕ್ತಪಿಶಾಚಿಯೊಬ್ಬ ಬೆಟಗೇರಿಯ ಶಾಲಾ ಶಿಕ್ಷಕಿಯನ್ನು ಪ್ರೀತಿಸುವ ಕತೆ. ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ತಿಳಿದರೆ, ಎಂ.ಎ. ಮಾಡಿದ ಹುಡುಗಿ ಕುತ್ತಿಗೆ ಕಚ್ಚುವ ಪ್ರೇಮ ಏಕೆ ಬರೆಯುತ್ತಾಳೆ ಎಂದು ಇಡೀ ಓಣಿಗೆ ವಿವರಿಸುವುದರಲ್ಲೇ ನನ್ನ ಆಯುಷ್ಯ ಮುಗಿಯುತ್ತಿತ್ತು.

ಒಂದು ಬೇಸಿಗೆ ಶಾವಿಗೆ ಮಾಡಲೆಂದು ಲಕ್ಷ್ಮೇಶ್ವರದ ಚಿಗವ್ವನ ಮನೆಗೆ ಹೋದೆ. ಚಿಗವ್ವನ ಕೈಯೂ ಓಣಿಯವರೆಲ್ಲ ಖಾಲಾ ಎಂದೇ ಕರೆಯುವ ಬಾಜೂ ಮನೆಯ ಹೆಂಗಸಿನ ಕೈಯೂ ಹಿಟ್ಟಾಗಿದ್ದವು. ಚಿಗವ್ವ ಗದ್ದದಿಂದಲೇ ತನ್ನ ಮೊಬೈಲು ತೋರಿಸಿದಳು.

"ಅದರಾಗ ಒಂದ ಕತಿ ಬರ್ತೈತಿ. ಇವತ್ತಿಂದು ಖಾಲಾಗ ಓದಿ ಹೇಳು."

ತೆರೆದರೆ ನನ್ನದೇ ಹದಿನೇಳನೆಯ ಕಂತು. ಒಲ್ಲೆನೆನ್ನಲು ಕಾರಣ ಹೊಳೆಯದೆ ಓದತೊಡಗಿದೆ. ಕರೆಯದೆ ರಕ್ತಪಿಶಾಚಿ ಯಾರ ಹೊಸ್ತಿಲನ್ನೂ ದಾಟುವಂತಿಲ್ಲ. ನಾಯಕ ಮಳೆಯಲ್ಲಿ ತೊಯ್ಯುತ್ತ ಬಾಗಿಲಲ್ಲಿ ನಿಂತಿದ್ದಾನೆ. ಅವಳು ಒಳಗಿನಿಂದ ಸುಮ್ಮನೆ ನೋಡುತ್ತಿದ್ದಾಳೆ. ಆ ಮೌನ ಬರೆಯಲು ನನಗೆ ಮೂರು ದಿನ ಹಿಡಿದಿತ್ತು.

"ಬರ್ರಿ ಅನ್ನಲಿಲ್ಲೇನು ಅಕಿ?" ಖಾಲಾ ಕೇಳಿದಳು.

"ಅಂದ್ರ ಒಳಗ ಬಂದಬಿಡ್ತಾನ್ರಿ. ರಕ್ತಾ ಕುಡಿಯಾಂವ," ಎಂದೆ ನಾನು.

"ಕುಡೀಲಿ, ಬಿಡಲಿ. ಬಾಗಲಕ್ಕ ಬಂದಾವಗ ಮೊದಲ ಕುಂಡ್ರಿ ಅನಬೇಕು. ಸಾಲಿ ಕಲಿಸಾಕಿ ಅಂತ, ಇಷ್ಟೂ ತಿಳಿಯಂಗಿಲ್ಲ! ವಯಸ್ಸೆಷ್ಟ ಅವಗ?"

"ಮುನ್ನೂರು."

"ಹಂಗಾರ ಮೊದಲನೇ ಹೆಂಡ್ತಿ ಖಬರ ತಗೀಬೇಕಿತ್ತು. ಇರಲಿ. ಇಕಿಗೆ ಮಾತ್ರ ಭಾಳ ಸೊಕ್ಕ ಐತಿ. ಬ್ಯಾರೆದಾಕಿನ್ನ ನೋಡ್ಕೊ ಅಂತ ಹೇಳ ಅವಗ."

ಆ ಶಿಕ್ಷಕಿಯನ್ನು ನಾನು ಸಾಕಷ್ಟು ನನ್ನ ಹಾಗೆಯೇ ಬರೆದಿದ್ದೆ. ಸಿಟ್ಟು ಬಂತು. ಮೊಬೈಲನ್ನೇ ನೋಡುತ್ತ, ಅಲ್ಲಿಲ್ಲದ್ದನ್ನು ಓದಿದೆ: "ಅವಳು ಕದವನ್ನು ಪೂರ್ತಿ ತೆರೆದು, ಬನ್ನಿ, ಕುಳಿತುಕೊಳ್ಳಿ, ಚಹಾ ಮಾಡುತ್ತೇನೆ, ಎಂದಳು."

"ಹಾಂ, ಈಗ ಮನಷ್ಯಾರಂಗ ಮಾಡಿದ್ಲು ನೋಡು," ಎಂದು ಖಾಲಾ ತೃಪ್ತಿಯಿಂದ ಶಾವಿಗೆ ಇಳಿಬಿಟ್ಟ ಕೋಲನ್ನೆತ್ತಿಕೊಂಡು ಮಾಳಿಗೆಗೆ ಹೋದಳು.

ಚಿಗವ್ವನ ಕೈ ನಿಂತಿತ್ತು.

"ಚಾ ಎಲ್ಲೈತಿ ಅದರಾಗ? ಮುಂಜಾನೆನ ಓದೇನಿ ನಾ. ಅಂವ ತೊಯ್ಸಿಕೊಂಡು ವಾಪಸ್ ಹೋಗ್ತಾನ."

ನಾನು ಮೊಬೈಲನ್ನು ಬೋರಲು ಹಾಕಿದೆ. ಅವಳು ನನ್ನನ್ನು, ಗೋಧಿಯಲ್ಲಿ ಹರಳು ಹುಡುಕುವಾಗಿನಂತೆ, ನಿಧಾನವಾಗಿ ನೋಡಿದಳು.

"ಎಷ್ಟ ದಿನಾತವ್ವಾ ಬರ್ಯಾಕ ಹತ್ತಿ?"

"ಎರಡ ವರ್ಷಾತು. ಅವ್ವಗ ಹೇಳಬ್ಯಾಡ."

"ಆ ಕುತ್ತಿಗಿ ಕಚ್ಚಿದ್ದೂ ನಿಂದ ಏನ?"

ಅಷ್ಟರಲ್ಲಿ ಖಾಲಾ ಮಾಳಿಗೆಯಿಂದ ಇಳಿಯುತ್ತಲೇ ಕೂಗಿದಳು: "ಕುಂತನೇನ ಅಂವ?"

ಚಿಗವ್ವ ಹಿಟ್ಟು ನಾದುತ್ತ, ನನ್ನತ್ತ ನೋಡದೆಯೇ ಹೇಳಿದಳು: "ಕುಂತಾನ. ಇನ್ನೂ ಭಾಳ ಐತಂತ. ಓದವ್ವಾ, ಯಾಕ ನಿಂತಿ?"

ಕಂತು ಅಲ್ಲಿಗೇ ಮುಗಿದಿತ್ತು. ಮೊಬೈಲು ತಿರುಗಿಸಿ ಹಿಡಿದು ನಾನು ಓದುತ್ತಲೇ ಹೋದೆ.