ಮರಿಲಿಂಗನ ಆರು ಲಕ್ಷ ಕಿಲೋಮೀಟರು

ಗೋಗಿಯ ಮರಿಲಿಂಗ ಶಹಾಪುರದ ಹತ್ತಿ ವ್ಯಾಪಾರಿ ನೀಲಕಂಠ ಸಾಹುಕಾರರ ಕಾರಿಗೆ ಹದಿನಾಲ್ಕು ವರ್ಷ ಡ್ರೈವರ್. ಇವತ್ತು ಸುರಪುರ, ನಾಳೆ ಯಾದಗಿರಿ, ಹೀಗೆ ದಿನವೂ ತಿರುಗಾಟ. ಬೆಳಿಗ್ಗೆ ಎಂಜಿನ್ ಬೆಚ್ಚಗಾಗದೆ ಗಾಡಿ ಎಳೆದವನಲ್ಲ. ಐದು ಸಾವಿರ ಕಿಲೋಮೀಟರಿಗೊಮ್ಮೆ ತಪ್ಪದೆ ಆಯಿಲ್ ಬದಲಿಸಿ, ಮೆಕ್ಯಾನಿಕ್ಕಿನ ಪಕ್ಕದಲ್ಲೇ ಕುಕ್ಕರಗಾಲಿನಲ್ಲಿ ಕೂತಿರುತ್ತಿದ್ದ. ತನ್ನ ಮೊಣಕಾಲು ನೋವಿಗೆ ಮಾತ್ರ ಒಂದು ದಿನವೂ ದವಾಖಾನೆಯ ಮೆಟ್ಟಿಲು ಹತ್ತಲಿಲ್ಲ. ಹೀಗೆ ಸಾಕಿದ ಕಾರು ಐದು ಲಕ್ಷ ತೊಂಬತ್ತೆಂಟು ಸಾವಿರ ಓಡಿತ್ತು. ಆರು ಲಕ್ಷ ತುಂಬಿದ ದಿನ ಅಬ್ಬೆತುಮಕೂರಿನ ಮಠಕ್ಕೆ ಒಯ್ದು ಕಾಯಿ ಒಡೆಸುತ್ತೇನೆಂದು ಹೆಂಡತಿ ಗೊಲ್ಲಾಳಮ್ಮನಿಗೆ ಹೇಳಿಟ್ಟಿದ್ದ.

ಅಷ್ಟರಲ್ಲಿ ಸಾಹುಕಾರರು ಕಾರು ಮಾರಲು ಹೊರಟರು. ಯಾರನ್ನೋ ಕರೆಸಿ ಮೀಟರನ್ನು ಎಂಬತ್ತು ಸಾವಿರಕ್ಕೆ ಇಳಿಸಿಯೂ ಬಿಟ್ಟರು.

"ಹೊಸ ಗಾಡಿಗೂ ನೀನೇ ಡ್ರೈವರ್. ಆದ್ರ ಬಾಯಿ ಬಿಟ್ಟಿ ಅಂದ್ರ ಮನಿ ಹಾದಿ ಹಿಡಿ," ಎಂದರು.

ಕೊಳ್ಳಲು ಬಂದ ಅರುಣಕುಮಾರ ಮಾಸ್ತರು ಬಾನೆಟ್ ಎತ್ತಿಸಿ, ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು ತಲೆದೂಗಿದರು.

"ಮೀಟರ್ ಸುಳ್ಳ ಹೇಳಾಂಗಿಲ್ಲ ಬಿಡ್ರಿ. ಇದು ಓಡಿದ ಗಾಡೀನೇ ಅಲ್ಲ."

"ಮನಿ ಮುಂದ ನಿಂತದ್ದೇ ಜಾಸ್ತಿ ರೀ. ಹದಿನಾಲ್ಕು ವರ್ಷ ಇವನೇ ಡ್ರೈವರ್," ಸಾಹುಕಾರರು ನಕ್ಕರು.

ಮರಿಲಿಂಗನ ಜತನವೇ ಆ ಸುಳ್ಳಿಗೆ ಸಾಕ್ಷಿ ನುಡಿಯುತ್ತಿತ್ತು.

"ಗಾಡಿ ನಿಂತೇ ಇತ್ತಂದ್ರ, ಹದಿನಾಲ್ಕು ವರ್ಷ ನೀ ಏನ್ ಮಾಡ್ದೆಪಾ?" ಮಾಸ್ತರು ಚೇಷ್ಟೆ ಮಾಡಿದರು.

ಸಾಹುಕಾರರು ಅವನ ಬಾಯನ್ನೇ ನೋಡುತ್ತಿದ್ದರು.

"ಒರಸ್ತಿದ್ದೆ ರೀ," ಎಂದ ಮರಿಲಿಂಗ, ಕೀಲಿ ಮಾಸ್ತರ ಕೈಗಿಡುತ್ತ.