ಬೆರಳಿಗೆ ಕಣ್ಣಿದ್ದವಳ ಖಾಲಿ ರೀಲು

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಡಾರ್ಕ್‌ರೂಮಮ್ಮ ಎನ್ನುತ್ತಿದ್ದರು. ಮೂವತ್ತೆರಡು ವರ್ಷ ಕಂಡವರ ರೀಲುಗಳನ್ನು ಕಗ್ಗತ್ತಲೆಯಲ್ಲಿ ತೊಳೆದವಳು. ದೀಪ ಹಾಕುವಂತಿಲ್ಲದ ಕೆಲಸ. ಎಲ್ಲವೂ ಬೆರಳ ತುದಿಯಲ್ಲೇ. ನನ್ನ ಬೆರಳಿಗೆ ಕಣ್ಣಿದೆ ಎಂದು ಹೇಳಿಕೊಳ್ಳುವುದು ಬೇರೆ. ಹೇಳಿಕೊಳ್ಳಲಿ ಬಿಡಿ, ಸುಳ್ಳೇನೂ ಆಗಿರಲಿಲ್ಲ.

ಕೆಲಸ ಬಿಟ್ಟ ವರ್ಷ ಅವಳು ಹಿಮದ ಬೆಟ್ಟ ಹತ್ತಲು ಹೊರಟಳು. ಹಿಂದೊಮ್ಮೆ ಅದೇ ಬೆಟ್ಟಕ್ಕೆ ಅಕ್ಕನ ಜೊತೆ ಹೋಗಿದ್ದಳು. ಅರ್ಧ ದಾರಿಯಲ್ಲಿ ಇವಳ ಕಾಲು ನಡುಗಿ, ಇವಳಿಗೋಸ್ಕರ ಅಕ್ಕನೂ ಇಳಿದುಬಂದಿದ್ದಳು. ಈಗ ಅಕ್ಕನಿಗೆ ಸೊಂಟದ ಆಪರೇಷನ್ ಆಗಿ, ಮಂಚದಿಂದ ಕಿಟಕಿಯವರೆಗೆ ನಡೆದರೆ ಅದೇ ದೊಡ್ಡದು. "ಫೋಟೋ ತಗೊಂಡ್ ಬಾರೇ" ಎಂದಷ್ಟೇ ಕೇಳಿದ್ದಳು.

ಅಕ್ಕನ ಮಗಳು ತನ್ನ ಡಿಜಿಟಲ್ ಕ್ಯಾಮೆರಾ ತಂದುಕೊಟ್ಟಳು. "ಚಿಕ್ಕಮ್ಮ, ಇದ್ರಲ್ಲಿ ತೆಗೆದ ತಕ್ಷಣ ನೋಡ್ಬಹುದು."

"ಆ ಚಳಿಗೆ ಬ್ಯಾಟರಿ ಸತ್ತುಹೋದ್ರೆ ಏನ್ ನೋಡ್ಲಿ?"

ಮಾತು ಸರಿಯಾಗಿಯೇ ಇತ್ತು. ಆದರೆ ಅದರ ಹಿಂದೆ ಜಂಬವೂ ಇತ್ತು. ಬ್ಯಾಟರಿಯೇ ಬೇಡದ ಹಳೆಯ ಫಿಲ್ಮ್ ಕ್ಯಾಮೆರಾ ಹೆಗಲಿಗೇರಿತು.

ಕೊನೆಯ ಏರು ಹತ್ತುವ ಮುಂಚೆ ಹೊಸ ರೀಲು ಹಾಕಿದಳು. ಕೈಗೆ ದಪ್ಪ ಗ್ಲೌಸು; ಬಗ್ಗಿ ನೋಡಲಿಲ್ಲ, ನೋಡಿ ಅಭ್ಯಾಸವೇ ಇರಲಿಲ್ಲ. ತುದಿಗೆ ತಲುಪಿ ಇಪ್ಪತ್ತು ಫೋಟೋ ತೆಗೆದಳು. ದಾರಿ ತೋರಿಸುವವನ ಕೈಗೆ ಕ್ಯಾಮೆರಾ ಕೊಟ್ಟು ತನ್ನದೂ ಒಂದು ತೆಗೆಸಿಕೊಂಡಳು.

ಊರಿಗೆ ಬಂದು ತಾನೇ ತೊಳೆದಳು. ರೀಲು ಗಾಜಿನಂತೆ ಬೋಳು. ಹಾಕುವಾಗ ಫಿಲ್ಮಿನ ತುದಿ ಕ್ಯಾಮೆರಾದೊಳಗಿನ ಸುರುಳಿಗೆ ಸಿಕ್ಕಿಕೊಂಡೇ ಇರಲಿಲ್ಲ. ಇಪ್ಪತ್ತೊಂದು ಸಲ ಬಟನ್ ಒತ್ತಿದರೂ ಒಂದಿಂಚು ಸರಿದಿರಲಿಲ್ಲ. ಆನೆಯಂಥದ್ದೂ ಮುಗ್ಗರಿಸುತ್ತದೆ, ನಿಜ. ಆದರೆ ಅಕ್ಕನಿಗೆ ಗಾದೆ ಹೇಳಿ ಸಮಾಧಾನ ಮಾಡಲಾಗುತ್ತದೆಯೇ?

ಹಳೆಯ ಸ್ಟುಡಿಯೋದಲ್ಲಿ ಗಿರಾಕಿಗಳು ಬಿಟ್ಟುಹೋದ ಫೋಟೋಗಳ ಡಬ್ಬ ಇತ್ತು. ಹೋಗಿ ಹುಡುಕಿದಳು. ಒಂದು ಸಿಕ್ಕಿತು. ಅದೇ ಬೆಟ್ಟ, ಅದೇ ತುದಿ, ಮೇಲೆ ಚೊಕ್ಕ ಆಕಾಶ. ಕವರಿಗೆ ಹಾಕಿ ಅಕ್ಕನ ಕೈಗಿಟ್ಟಳು.

ಅಕ್ಕ ಕನ್ನಡಕ ಏರಿಸಿ ಮೂಲೆಮೂಲೆ ನೋಡಿದಳು. "ಚೆನ್ನಾಗಿದೆ. ಇದ್ರಲ್ಲಿ ನೀನೆಲ್ಲಿ?"

"ತೆಗೆದೋಳು ನಾನಲ್ವಾ."

"ಬೆಟ್ಟ ಕ್ಯಾಲೆಂಡರಲ್ಲೂ ಇರತ್ತೆ ಕಣೇ. ನೀನು ಮೇಲೆ ನಿಂತಿರೋದು ನೋಡ್ಬೇಕಿತ್ತು ನಂಗೆ."

ತಂಗಿಗೆ ತಡೆಯಲಾಗಲಿಲ್ಲ. "ಇದು ಯಾರದ್ದೋ ಫೋಟೋ ಅಕ್ಕ. ನಂದೂ ಒಂದು ತೆಗೆಸಿದ್ದೆ. ಕೈಯಾರೆ ಹಾಳ್ ಮಾಡ್ಕೊಂಡೆ" ಎಂದು ಅತ್ತುಬಿಟ್ಟಳು.

ಅಕ್ಕ ಫೋಟೋ ಬದಿಗಿಟ್ಟು ಅವಳ ಮುಖವನ್ನೇ ನೋಡಿದಳು.

"ಕಾಲು ನಡುಗ್ತಾ?"

"ತುಂಬಾ."

"ಆದ್ರೂ ಹತ್ತಿದೆ?"

"ಹತ್ತಿದೆ ಅಕ್ಕ."

"ಸರಿ, ಕಣ್ಣೊರೆಸ್ಕೊ" ಎಂದಳು ಅಕ್ಕ. ಅವಳ ಕಣ್ಣೂ ತುಂಬಿತ್ತು.